ಬಾ ಬಾ ಎಂದು ಬರೆದ ಮರದ ಬಿಲ್ಲೆ

ಸನ್ಮಾನ್ಯ ವಾಚಕ ಮಹಾಶಯರೇ, ಇದನ್ನು ಕೈಯಲ್ಲಿ ಹಿಡಿದು ಓದುತ್ತಿರುವ ಹಾಗೂ ಮತ್ತೊಬ್ಬರು ಓದುವುದನ್ನು ಕೇಳುತ್ತ ಕುಳಿತಿರುವ ತಮ್ಮೆಲ್ಲರ ಸನ್ನಿಧಿಯಲ್ಲಿ ಈ ವೃತ್ತಾಂತವನ್ನು ನಿವೇದಿಸಲು ಅಪ್ಪಣೆಯಾಗಬೇಕು. ಇದರಲ್ಲಿ ಕೊಲೆಯಿಲ್ಲ, ಸೇಡಿಲ್ಲ, ವೇಷ ಮರೆಸಿಕೊಂಡ ಖಳನಾಯಕನಿಲ್ಲ. ಒಂದು ಮನೆ, ಒಂದು ಫೋನ್ ನಂಬರು, ಮರದ ಕೆಲವು ಬಿಲ್ಲೆಗಳು, ಇಷ್ಟೇ ಇವೆ. ಆದರೂ ಓದಿ ಮುಗಿಸುವ ಹೊತ್ತಿಗೆ ತಮ್ಮ ಮನಸ್ಸು ಹಗುರವಾಗಿರಲಾರದೆಂದು ಮೊದಲೇ ತಿಳಿಸಿಬಿಡುವುದು ನ್ಯಾಯ.

ನಡೆದು ಬರುವವರು ದಾರಿ ತಪ್ಪದಿರಲೆಂದು ಕಾಡುದಾರಿಗಳಿಗೆ ಗುರುತು ಬಳಿಯುವವನು ನಾನು. ವಿಸೊಚಿನಾ ಬೆಟ್ಟಸೀಮೆಯಲ್ಲಿ ಮರದ ಬೊಡ್ಡೆಯ ಮೇಲೆ ಬಿಳಿ, ಕೆಂಪು, ಬಿಳಿ ಎಂದು ಮೂರು ಪಟ್ಟೆ ಕಂಡರೆ ಅದರಲ್ಲಿ ನನ್ನ ಕೈಯದೂ ಇರಬಹುದು. ಚಳಿಗಾಲ ತಿಂದುಹಾಕಿದ ಹಳೆಯ ಪಟ್ಟೆಯನ್ನು ವಸಂತದಲ್ಲಿ ಕೆರೆದು ಹೊಸದನ್ನು ಬಳಿಯುತ್ತೇನೆ. ಕಾಮೆನಿಚ್ಕಾ ಎಂಬ ಊರಿನ ಸುತ್ತಿನ ಕೆಲಸಕ್ಕೆ ಬಂದಾಗ ನನ್ನ ಬಿಡಾರ ಬಡಗಿ ಲುಬೋರನ ಕೊಟ್ಟಿಗೆಯ ಅಟ್ಟ. ಊಟ ಅವನ ಮನೆಯಲ್ಲೇ. ಅವನ ಹೆಂಡತಿ ಬ್ಲಾಜೆನಾ ಶಾಲೆಯ ಅಡುಗೆಮನೆಯಲ್ಲಿ ಅಡುಗೆಯವಳು. ಮಗಳು ಅಪೊಲೆನಾ ಅದೇ ಶಾಲೆಯ ಮೇಲಿನ ತರಗತಿಯಲ್ಲಿ ಓದುತ್ತಿದ್ದಳು.

ಆ ವಸಂತದಲ್ಲಿ ನಾನು ಬಂದಾಗ ಮೇಜಿನ ಮೇಲೆ ಸಬ್ಬಸಿಗೆ ಗೊಜ್ಜು ಇತ್ತು, ಹಬೆಯಾಡುವ ಕಡುಬಿನ ಹೋಳುಗಳಿದ್ದವು. ಆದರೆ ಯಾರೂ ತಿನ್ನುತ್ತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ಫೋನು ಬಡಿದುಕೊಳ್ಳುತ್ತಿತ್ತು.

"ತಗೋಬೇಡ," ಎಂದ ಲುಬೋರ್.

"ಅವನೇ ಆಗಿದ್ರೆ?" ಎಂದಳು ಬ್ಲಾಜೆನಾ.

"ಹೋದ ಸಲಾನೂ ಹಿಂಗೇ ಅಂದೆ. ಅದರ ಹಿಂದಿನ ಸಲಾನೂ ಹಿಂಗೇ ಅಂದೆ."

ಬ್ಲಾಜೆನಾ ಎದ್ದು ಫೋನೆತ್ತಿದಳು. ಆ ಕಡೆಯಿಂದ ಹುಡುಗರ ಗುಂಪೊಂದು ಗೂಬೆಯ ಧ್ವನಿ ಮಾಡಿ "ಬಾ... ಬಾ..." ಎಂದು ಕೂಗಿ ಕೇಕೆ ಹಾಕಿದ್ದು ಮೇಜಿನ ಈಚೆ ಕುಳಿತ ನನಗೂ ಕೇಳಿಸಿತು. ಆಕೆ ಫೋನಿಟ್ಟು ಬಂದು ಕಡುಬನ್ನು ಚಮಚದಿಂದ ಕತ್ತರಿಸತೊಡಗಿದಳು. ಕತ್ತರಿಸಿದಳೇ ಹೊರತು ತಿನ್ನಲಿಲ್ಲ.

ಇದು ಹೇಗೆ ಶುರುವಾಯಿತೆಂಬುದನ್ನು ಈಗ ಹೇಳಬೇಕು.

ಬ್ಲಾಜೆನಾಳಿಗೆ ಒಬ್ಬ ತಮ್ಮನಿದ್ದ, ವೋಯ್ಮೀರ್ ಎಂದು. ಹುಟ್ಟಿನಿಂದಲೇ ಕೆಮ್ಮು, ಗೊಗ್ಗರು ದನಿ. ಆ ಸೀಮೆಯ ಸಣ್ಣ ಗೂಬೆಗೆ ಸೀಚೆಕ್ ಎನ್ನುತ್ತಾರೆ. ಅದು ಕಿಟಕಿಯ ಹತ್ತಿರ ಕೂಗಿದರೆ "ಬಾ, ಬಾ" ಎಂದು ಮನೆಯ ಯಾರನ್ನೋ ಮಣ್ಣಿಗೆ ಕರೆಯುತ್ತಿದೆಯೆಂದು ಅಜ್ಜಿಯರು ಹೆದರಿಸುತ್ತಾರೆ. ಪುಟ್ಟ ವೋಯ್ಮೀರ್ ಅಕ್ಕನ ಕಿಟಕಿಯ ಕೆಳಗೆ ನಿಂತು ತನ್ನ ಗೊಗ್ಗರು ದನಿಯಲ್ಲಿ ಅದೇ ರೀತಿ ಕರೆಯುತ್ತಿದ್ದನಂತೆ. ಆಕೆ ಮೇಲಿನಿಂದ "ಥೂ ಗೂಬೆ!" ಎಂದು ಬೈದು, ಹಾಸಿಗೆ ಬಿಟ್ಟು ಇಳಿದು, ಅವನ ಜೊತೆ ತೋಟಕ್ಕೆ ಚೆರ್ರಿ ಕದಿಯಲು ಹೋಗುತ್ತಿದ್ದಳಂತೆ. ಸೀಚೆಕ್ ಎಂಬುದೇ ಅವನ ಹೆಸರಾಗಿ ಉಳಿಯಿತು.

ತಾಯಿ ಹಾಸಿಗೆ ಹಿಡಿದಾಗ ಅವನು ಬರಲಿಲ್ಲ. ಮಣ್ಣು ಮಾಡುವ ದಿನ ತಡವಾಗಿ ಬಂದ. ನೆಂಟರೆಲ್ಲರ ಎದುರಿಗೆ ಬ್ಲಾಜೆನಾ "ಇನ್ನು ಈ ಮನೆಗೆ ಬರಬೇಡ" ಎಂದಳು. ಅವನು ಬರಲಿಲ್ಲ. ಫೋನು ಬದಲಾಯಿಸಿದ, ಇದ್ದ ಕೆಲಸ ಬಿಟ್ಟ, ಎಲ್ಲಿಗೆ ಹೋದನೆಂದು ಯಾರಿಗೂ ತಿಳಿಯದು. ಈಚೆ ಇವರೂ ಆ ಮನೆ ಬಿಟ್ಟು ಕಾಮೆನಿಚ್ಕಾಕ್ಕೆ ಬಂದರು. ಅಕ್ಕನಿಗೆ ತಮ್ಮನ ಊರು ಗೊತ್ತಿಲ್ಲ, ತಮ್ಮನಿಗೆ ಅಕ್ಕನ ಮನೆ ಗೊತ್ತಿಲ್ಲ.

ಇಬ್ಬರಿಗೂ ಗೊತ್ತಿದ್ದುದು ಒಂದೇ, ಪೆಟ್ಟಿಗೆ ಹುಡುಕುವ ಆಟ. ಜಿಯೋಕ್ಯಾಶ್ ಎನ್ನುವ ಈ ಆಟ ಆ ಸೀಮೆಯಲ್ಲಿ ಮನೆಮನೆಯದು. ಯಾರೋ ಒಬ್ಬರು ಮುಚ್ಚಳದ ಡಬ್ಬಿಯೊಂದನ್ನು ಬೇರಿನ ಸಂದಿಯಲ್ಲೋ ಕಲ್ಲಿನ ಅಡಿಯಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ. ಬೇರೆಯವರು ಆ ಅಂಕಿಗಳನ್ನು ಹಿಡಿದು ಹೋಗಿ, ಪೆಟ್ಟಿಗೆ ತೆರೆದು, ಒಳಗಿನ ಕಾಗದದ ಸುರುಳಿಯಲ್ಲಿ ಅಡ್ಡಹೆಸರು ಬರೆದು, ಇದ್ದ ಹಾಗೇ ಮುಚ್ಚಿಟ್ಟು ಬರುತ್ತಾರೆ. ದಾರಿಹೋಕರಿಗೆ ಅನುಮಾನ ಬಾರದಿರಲೆಂದು ಅಣಬೆ ಕೀಳುವವರ ಹಾಗೆ ಬುಟ್ಟಿ ಹಿಡಿದು ಹೋಗುವುದುಂಟು. ಆಡುವವರು ಮರದ ದುಂಡು ಬಿಲ್ಲೆಗಳಲ್ಲಿ ತಮ್ಮ ಚಿತ್ರ ಸುಟ್ಟು ಪೆಟ್ಟಿಗೆಗಳಲ್ಲಿ ಬಿಡುವುದೂ ಉಂಟು. ಸಿಕ್ಕವರು ಒಯ್ಯಬಹುದು.

ಕಾಮೆನಿಚ್ಕಾ ಸುತ್ತಿನ ಪೆಟ್ಟಿಗೆಗಳನ್ನು ಇಟ್ಟವಳು ಶಾಲೆಯ ಬಸ್ಸು ಓಡಿಸುವ ಯಿತ್ಕಾ. ನೆರೆಮನೆಯವಳು. ನಾನು ಬರುವ ಮೊದಲು ಒಮ್ಮೆ ಅವಳು ಮೂರುಚಿಲುಮೆ ಎಂಬಲ್ಲಿನ ಬೀಚ್ ಮರದ ಬುಡದ ಪೆಟ್ಟಿಗೆಗೆ ಒಣ ಕಾಗದ ಹಾಕಲು ಹೋದಾಗ ಹಳೆಯ ಸುರುಳಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಸೀಚೆಕ್ ಎಂಬ ಹೆಸರು ಕಂಡಿತು. ತಂದು ತೋರಿಸಿದಳು. ಕೊನೆಯ ಅಕ್ಷರದ ಬಾಲವನ್ನು ಗೂಬೆಯ ಉಗುರಿನ ಹಾಗೆ ಮೂರಾಗಿ ಸೀಳಿ ಬರೆಯುವವನು ಜಗತ್ತಿನಲ್ಲಿ ಒಬ್ಬನೇ ಎಂದು ಬ್ಲಾಜೆನಾ ಅತ್ತಳು. ಜಾಲತಾಣದಲ್ಲಿ ಹುಡುಕಿದರೆ ಅವನ ಖಾತೆ ಮುಚ್ಚಿತ್ತು. ಅಂಕಿ ನೋಡಿ ದಾರಿ ತೋರುವ ಯಾವುದೋ ಹಳೆಯ ಕೈಯಂತ್ರ ಹಿಡಿದು ಒಬ್ಬನೇ ಅಲೆಯುತ್ತಿದ್ದನೆಂದು ಕಾಣುತ್ತದೆ.

ಆಗ ಲುಬೋರ್ ಲಿಂಡೆನ್ ಮರದ ಕೊಂಬೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಉಜ್ಜಿಕೊಟ್ಟ. ಅಪೊಲೆನಾ ಕಾದ ಸೂಜಿಯಿಂದ ಗೂಬೆ ಬರೆದಳು. ಗೂಬೆಯ ಕೆಳಗೆ "ಬಾ, ಬಾ". ಹಿಂಬದಿಯಲ್ಲಿ ಫೋನ್ ನಂಬರು. ನಂಬರಿನ ಕೆಳಗೆ ಮನೆಯ ಅಕ್ಷಾಂಶ ರೇಖಾಂಶ.

ಯಿತ್ಕಾ ಒಂದು ಬಿಲ್ಲೆಯನ್ನು ತಿರುಗಿಸಿ ನೋಡಿದವಳೇ, "ಅಕ್ಕಾ, ಇದು ಬೇಡ," ಎಂದಳು.

"ಯಾಕೆ, ಗೂಬೆ ಚೆನ್ನಾಗಿ ಬಂದಿಲ್ವಾ?"

"ಗೂಬೆ ಚೆನ್ನಾಗಿದೆ. ಹಿಂದೆ ಮನೆ ವಿಳಾಸ ಯಾಕೆ?"

"ವಿಳಾಸ ಎಲ್ಲಿ ಬರೆದಿದ್ದೀನೇ? ಹೆಸರಿಲ್ಲ, ಊರಿಲ್ಲ. ಬರೀ ಅಂಕಿ. ಓದಿದವರಿಗೆ ಏನು ಗೊತ್ತಾಗುತ್ತೆ?"

"ಅಯ್ಯೋ ಅಕ್ಕಾ! ಅದನ್ನ ಓದೋರೆಲ್ಲ ಅಂಥದ್ದೇ ಅಂಕಿ ನೋಡ್ಕೊಂಡೇ ಅಲ್ವಾ ಆ ಕಾಡಿಗೆ ಬಂದಿರೋದು? ಬೇರೆಯವರಿಗೆ ಅದು ಅಂಕಿ. ಈ ಆಟದವರಿಗೆ ಅದು ನಿಮ್ಮನೆ ಬಾಗಿಲ ಚಿಲಕ."

ಬ್ಲಾಜೆನಾ ಬಿಲ್ಲೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಆಮೇಲೆ ಹೇಳಿದಳು: "ಇರ್ಲಿ ಬಿಡು. ಆಟ ಆಡೋರು ಒಳ್ಳೇ ಜನ. ಹತ್ತು ಜನ ನೋಡಿದ್ರೆ ಒಬ್ಬನಾದ್ರೂ ಅವನಿಗೆ ಹೇಳ್ತಾನೆ."

"ಒಳ್ಳೆಯವರೇ. ಆದ್ರೆ ಪೆಟ್ಟಿಗೇಗೆ ಬೀಗ ಇಲ್ಲ, ಯಾರು ತೆಗೀತಾರೆ ಅಂತ ಇಟ್ಟಿರೋ ನನಗೇ ಗೊತ್ತಿಲ್ಲ. ನೋಡಿ, ಹಿಂಗೆ ಮಾಡಿ. 'ಸೀಚೆಕ್, ಭಾನುವಾರ ಮಧ್ಯಾಹ್ನ ಚಿಲುಮೆ ಹತ್ರದ ಬಿಯರ್ ಅಂಗಡಿ' ಅಂತಷ್ಟೇ ಬರೀರಿ. ನಾಲ್ಕು ಜನ ಇರೋ ಜಾಗ. ನಂಬರು ಬೇಡ, ಮನೆ ಬೇಡ. ಆ ಬಾ ಬಾ ಅನ್ನೋದೂ ಬೇಡ. ಅದನ್ನ ನಿಮ್ಮ ಹೊಟ್ಟೇಲೇ ಇಟ್ಕೊಳಿ. ನಾಳೆ ಯಾರಾದ್ರೂ ನಾನೇ ನಿನ್ನ ತಮ್ಮ ಅಂತ ಬಂದ್ರೆ, ಹೌದೋ ಅಲ್ವೋ ಅಂತ ಯಾವುದ್ರಲ್ಲಿ ತಿಳ್ಕೋತೀರಿ?"

"ನನ್ನ ತಮ್ಮ ನಂಗೆ ಗೊತ್ತಾಗಲ್ವಾ?"

"ಫೋನಲ್ಲಿ?"

"ನೀನು ಬಸ್ಸು ಓಡಿಸೋಳು, ಎಲ್ಲಾದ್ರಲ್ಲೂ ಬ್ರೇಕೇ ಹುಡುಕ್ತೀಯ," ಎಂದು ಬ್ಲಾಜೆನಾ ಸಿಡುಕಿದಳು. "ಭಾನುವಾರ ಅಂದ್ರೆ ಅವನು ಭಾನುವಾರಾನೇ ಬರಬೇಕಾ? ಬುಧವಾರ ಮನಸ್ಸಾದ್ರೆ? ನಿನ್ನ ತಮ್ಮ ಕಳೆದುಹೋಗಿದ್ರೆ ಹಿಂಗೆ ಮಾತಾಡ್ತಿರಲಿಲ್ಲ ನೀನು."

ಬಿಲ್ಲೆಗಳು ಕಾಡಿಗೆ ಹೋದವು.

ಮಹಾಶಯರೇ, ಒಬ್ಬನಿಗಾಗಿ ಇಟ್ಟದ್ದು ಒಬ್ಬನಿಗೇ ಸಿಗುವುದೆಂದು ನಂಬಿದ್ದೇ ಮೊದಲ ತಪ್ಪು. ಮರದ ಬಿಲ್ಲೆಯೆಂದರೆ ಆ ಸೀಮೆಯಲ್ಲಿ ಅಂಚೆಚೀಟಿಯ ಹಾಗೆ ಕೂಡಿಡುವ ವಸ್ತು. ಗೂಬೆಯ ಬಿಲ್ಲೆ ಚೆನ್ನಾಗಿತ್ತು, ಚೆನ್ನಾಗಿದ್ದುದೇ ಮುಳುವಾಯಿತು. ಕಂಡವರು ಒಯ್ದರು. ಮನೆಯಲ್ಲಿ ಮುಂದೆ ಹಿಂದೆ ಎರಡೂ ಬದಿಯ ಫೋಟೋ ತೆಗೆದು, ನನ್ನ ಬಳಿ ಎರಡಿವೆ, ಬದಲಿಗೆ ಏನು ಕೊಡುತ್ತೀರಿ ಎಂದು ಜಾಲತಾಣದಲ್ಲಿ ಹಾಕಿದರು. ಕೆಡುಕು ಮಾಡಬೇಕೆಂದು ಅವರಾರೂ ಹಾಕಲಿಲ್ಲ. ತಮ್ಮನೊಬ್ಬನನ್ನು ಬಿಟ್ಟು ನಾಡಿನ ಮೂಲೆ ಮೂಲೆಗೂ ಅಕ್ಕನ ಕರೆ ತಲುಪಿತು.

ಮೊದಲ ಫೋನು ಒಬ್ಬ ವೃದ್ಧರದು. "ಅಮ್ಮಾ, ನಿಮ್ಮದೊಂದು ಗೂಬೆ ಕಳಿಸಿಕೊಡ್ತೀರಾ? ನಾನು ನಾಯಿ ಚಿತ್ರದ್ದು ಕಳಿಸ್ತೀನಿ." ಬ್ಲಾಜೆನಾ ನಕ್ಕು ಒಪ್ಪಿಕೊಂಡಳು. ಆಮೇಲೆ ಹುಡುಗರು. ಆಮೇಲೆ, ಹಗಲು ಹೊತ್ತಿನಲ್ಲೇ, ಮೆತ್ತಗೆ ಮಾತಾಡುವ ಒಬ್ಬ ಗಂಡಸು, "ನಾನೇ ಕಣೇ ನಿನ್ನ ಸೀಚೆಕ್" ಎಂದ. ಆಕೆ ಅಳುತ್ತ ಅಮ್ಮನ ಹೆಸರು ಹೇಳು ಎಂದಳು. ಅವನು ನಕ್ಕು, ನೀನು ಏನು ಉಟ್ಟಿದ್ದೀಯ ಹೇಳು ಎಂದು ಕೇಳಿದ. ಆವತ್ತು ಆಕೆ ಕೆಲಸಕ್ಕೆ ಹೋಗಲಿಲ್ಲ.

ನಾನು ಬಂದ ಮೇಲೆ ಒಂದು ದಿನ ಅಪೊಲೆನಾ ಒಬ್ಬಳೇ ಮನೆಯಲ್ಲಿದ್ದಾಗ ಗೇಟಿನ ಬಳಿ ಬುಟ್ಟಿ ಹಿಡಿದವನೊಬ್ಬ ನಿಂತ. ಹಿಮ ಕರಗಿ ಮುಗಿಯದ ಆ ತಿಂಗಳಲ್ಲಿ ಅಣಬೆ ಎಲ್ಲಿಂದ ಬರಬೇಕು? ಅವನು ಗೂಬೆಯ ಬಿಲ್ಲೆ ತೋರಿಸಿದ.

"ಬಾ ಅಂದಿದ್ರಲ್ಲ, ಬಂದೆ. ದೊಡ್ಡವರು ಯಾರೂ ಇಲ್ವಾ ಪುಟ್ಟೀ?"

ಹುಡುಗಿ ಬಾಗಿಲು ಹಾಕಿಕೊಂಡಳು. ಅವನು ಹೋಗಲಿಲ್ಲ. ಮನೆ ಸುತ್ತಿಕೊಂಡು ಹಿತ್ತಲಿಗೆ ಬಂದು ಬಾಗಿಲ ಹಿಡಿಯನ್ನು ತಿರುಗಿಸಿ ನೋಡಿದ. ಅವಳು ಮುಂದಿನ ಕಿಟಕಿಯಿಂದ ಹಾರಿ, ಬರೀ ಕಾಲುಚೀಲದಲ್ಲಿ, ಯಿತ್ಕಾಳ ಬಸ್ಸು ನಿಲ್ಲುವಲ್ಲಿಗೆ ಓಡಿದಳು. ಠಾಣೆಯವರು ಬಂದು ಹೋದರು. ಬುಟ್ಟಿಯವನು ಸಿಗಲಿಲ್ಲ.

ಆ ಸಂಜೆ ಲುಬೋರ್ ಮೇಜು ಗುದ್ದಿದ. "ನಾಳೆ ನಂಬರು ಬದಲಾಯಿಸ್ತೀವಿ. ಮುಗೀತು."

"ಬದಲಾಯಿಸು," ಎಂದಳು ಬ್ಲಾಜೆನಾ. "ಆಮೇಲೆ ಅವನ ಕೈಗೆ ಒಂದು ಬಿಲ್ಲೆ ಸಿಗುತ್ತೆ. ಅವನು ಫೋನ್ ಮಾಡ್ತಾನೆ. ಈ ನಂಬರು ಇಲ್ಲ ಅಂತ ಯಾವಳೋ ಹೇಳ್ತಾಳೆ. ಅಕ್ಕ ಎರಡನೇ ಸಲಾನೂ ಬಾಗಿಲು ಹಾಕಿದ್ಲು ಅಂದ್ಕೊತಾನೆ. ಅದು ನಿನಗೆ ಸರೀನಾ?"

"ನಿನ್ನ ಮಗಳು ಕಿಟಕೀಂದ ಹಾರಿದ್ದು ನಿನಗೆ ಸರೀನಾ?"

ಕೊನೆಗೆ ಯಿತ್ಕಾ, ತನ್ನ ಪೆಟ್ಟಿಗೆಗಳಲ್ಲಿ ಉಳಿದ ಬಿಲ್ಲೆಗಳನ್ನು ತಾನು ತೆಗೆದು ತರುವುದಾಗಿಯೂ, ಅಷ್ಟಾದ ಮೇಲೆ ನಂಬರು ಬದಲಾಯಿಸುವುದೆಂದೂ ರಾಜಿ ಮಾಡಿದಳು. ಅಷ್ಟರವರೆಗೆ ಫೋನು ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಇರಬೇಕು.

ಆ ರಾಜಿಯ ನಡುವಿನ ದಿನಗಳಲ್ಲೇ ಅದು ನಡೆಯಿತು.

ನಾನು ಅಂಗಳದಲ್ಲಿ ಕುಂಚ ತೊಳೆಯುತ್ತಿದ್ದೆ. ಕಿಟಕಿ ತೆರೆದಿತ್ತು. ಬ್ಲಾಜೆನಾ ಹಿಟ್ಟು ನಾದುತ್ತಿದ್ದಳು. ಫೋನು ಬಡಿದುಕೊಂಡಿತು. ಹಿಟ್ಟಿನ ಕೈಯಲ್ಲೇ ಎತ್ತಿದಳು. ಆ ಕಡೆ ಗೊಗ್ಗರು ದನಿಯೊಂದು, ಅವಸರವಿಲ್ಲದೆ, "ಬಾ... ಬಾ..." ಎಂದಿತಂತೆ. ಆಮೇಲೆ ಒಂದು ಕೆಮ್ಮು.

ಎಷ್ಟೋ ದಿನದಿಂದ ನುಂಗಿಕೊಂಡಿದ್ದೆಲ್ಲ ಆಗ ಹೊರಬಿತ್ತು.

"ಥೂ, ನಾಚಿಕೆಗೆಟ್ಟವನೇ! ನಿನಗೆ ಅಕ್ಕತಂಗೀರು ಯಾರೂ ಇಲ್ವೇನೋ? ಇನ್ನೊಬ್ಬರ ಕಣ್ಣೀರಲ್ಲಿ ಕೈ ತೊಳೀತೀಯಾ? ಸಾಕಾಗಿದೆ ನಂಗೆ! ಈ ಮನೆ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ! ಬರಬೇಡ! ಕೇಳಿಸ್ತಾ? ಬರಬೇಡ!"

ಫೋನಿಟ್ಟಳು. ಒಳಗಿನಿಂದ ಅಪೊಲೆನಾ ಚಪ್ಪಾಳೆ ತಟ್ಟಿದಳು. "ಅಮ್ಮಾ, ಭೇಷ್!" ಬ್ಲಾಜೆನಾ ಕಿಟಕಿಯಿಂದ ಇಣುಕಿ, "ಕೇಳಿದ್ರಾ ಬಣ್ಣದಣ್ಣ? ಇವತ್ತು ಚೆನ್ನಾಗಿ ಕೊಟ್ಟೆ," ಎಂದಳು. ಎಷ್ಟೋ ದಿನದ ಮೇಲೆ ಆಕೆಯ ಮುಖದಲ್ಲಿ ನಗು ಕಂಡಿತ್ತು. ಎಲ್ಲರೂ ನಕ್ಕೆವು.

ಮುಂದಿನ ವಾರ ಮೂರುಚಿಲುಮೆಯ ಪೆಟ್ಟಿಗೆಯ ಸರದಿ. ನನ್ನ ಪಟ್ಟೆಗಳೂ ಅದೇ ದಾರಿಯಲ್ಲಿದ್ದವಾದ್ದರಿಂದ ಯಿತ್ಕಾ, ಬ್ಲಾಜೆನಾ, ನಾನು ಕೂಡಿಯೇ ನಡೆದೆವು. ಬೀಚ್ ಮರದ ಬೇರಿನಡಿಯಿಂದ ಡಬ್ಬಿ ಎಳೆದಾಗ ಒಳಗೆ ಗೂಬೆಯ ಬಿಲ್ಲೆಯೊಂದು ಮಗುಚಿ ಮಲಗಿತ್ತು. "ಒಂದಾದ್ರೂ ಉಳಿದಿದೆಯಲ್ಲ," ಎಂದ ಯಿತ್ಕಾ ಹೊಸ ಹೆಸರುಗಳಿವೆಯೇ ಎಂದು ಸುರುಳಿ ಬಿಚ್ಚಿದಳು. ಬಿಚ್ಚಿದವಳು ಅದನ್ನು ಬ್ಲಾಜೆನಾಳ ಕೈಗೆ ಕೊಟ್ಟಳು.

ಪೆನ್ಸಿಲಿನಲ್ಲಿ ಬರೆದಿತ್ತು: "ಫೋನ್ ಮಾಡಿದ್ದೆ. ನೀನು ಹೇಳಿದ್ದು ಸರಿ. ಇನ್ನು ಮಾಡೋಲ್ಲ. ಸೀಚೆಕ್." ಕೊನೆಯ ಅಕ್ಷರದ ಬಾಲ ಮೂರಾಗಿ ಸೀಳಿತ್ತು.

ಬ್ಲಾಜೆನಾ ಓದಿದಳು. ಮರಕ್ಕೆ ಒರಗಿ ನಿಧಾನವಾಗಿ ಕೆಳಗೆ ಕುಳಿತಳು.

"ಕೆಮ್ಮು," ಎಂದಳು. "ಆ ಕೆಮ್ಮು ಕೇಳಿಸ್ತು ನಂಗೆ, ಯಿತ್ಕಾ. ಕೇಳಿಸಿಯೂ ಬೈದೆ."

"ಅಕ್ಕಾ, ನಿಮಗೆ ಹೆಂಗೆ ಗೊತ್ತಾಗಬೇಕಿತ್ತು? ಊರವರೆಲ್ಲ ಅದೇ ಮಾತು ಕೂಗ್ತಿದ್ರಲ್ಲ."

"ಅವನು ಬೇರೆ ಏನು ಹೇಳಬೇಕಿತ್ತೇ? ನಾನೇ ಅದನ್ನ ಬರೆದು ಕರೆದಿದ್ದು. ಕರೆದಿದ್ದಕ್ಕೆ ಓಗೊಟ್ಟ."

ಮನೆಗೆ ಬಂದ ಕೂಡಲೇ ಲುಬೋರ್ ಫೋನಿನಲ್ಲಿ ಆ ದಿನದ ನಂಬರು ಹುಡುಕಿ ಮರಳಿ ಮಾಡಿದ. ಹೆದ್ದಾರಿಯ ಪಕ್ಕದ ತಿಂಡಿ ಅಂಗಡಿಯೊಂದರ ನಂಬರು ಅದು. ಅಂಗಡಿಯಾಕೆ ನೆನಪು ಮಾಡಿಕೊಂಡು ಹೇಳಿದಳು. ಕೆಮ್ಮುತ್ತಿದ್ದ ಮನುಷ್ಯನೊಬ್ಬ ಬಂದು, ಕೈಯಲ್ಲಿದ್ದ ಮರದ ತುಂಡು ತೋರಿಸಿ, ಅಕ್ಕನ ಮನೆಗೆ ಫೋನಿನಲ್ಲಿ ಒಂದು ಮಾತು ಆಡಬಹುದೇ ಎಂದು ಕೇಳಿದ. ಆಡಿದ. ಆಮೇಲೆ ಥ್ಯಾಂಕ್ಸ್ ಹೇಳಿ ಹೋದ. ಮಾರನೆಯ ದಿನ ಬೆಟ್ಟದ ಕಡೆಯಿಂದ ಬಂದು ಯಾವುದೋ ಬಸ್ಸು ಹತ್ತಿದ. ಯಾವ ಬಸ್ಸೆಂದು ನೋಡಲಿಲ್ಲ.

ಯಾರೂ ಹೇಳದೆ ಬ್ಲಾಜೆನಾಳೇ ಹೋಗಿ ನಂಬರು ಬದಲಾಯಿಸಿಕೊಂಡು ಬಂದಳು. ಉಳಿದ ಬಿಲ್ಲೆಗಳನ್ನು ಲುಬೋರ್ ಒಲೆಗೆ ಹಾಕಿದ. ಬಿಲ್ಲೆಯ ಚಿತ್ರ ಹಾಕಿದವರಿಗೆಲ್ಲ ಅಪೊಲೆನಾ ಒಬ್ಬೊಬ್ಬರಿಗೇ ಬರೆದು, ಹಿಂಬದಿಯ ಫೋಟೋವನ್ನು ಅಳಿಸಲು ಕೇಳಿಕೊಂಡಳು. ಕೆಲವರು ಕ್ಷಮೆ ಕೇಳಿ ಅಳಿಸಿದರು. ಕೆಲವರ ಉತ್ತರವೇ ಬರಲಿಲ್ಲ. ಫೋನಿನ ಅಂಕಿ ಬದಲಾಯಿಸಬಹುದು, ಮನೆಯ ಅಕ್ಷಾಂಶವನ್ನು ಬದಲಾಯಿಸುವುದು ಹೇಗೆ? ಲುಬೋರ್ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದ. ಆ ಮನೆಯಲ್ಲಿ ಈಗ ಯಾರೂ ಒಬ್ಬರೇ ಇರುವುದಿಲ್ಲ.

ಮೂರುಚಿಲುಮೆಯ ಸುರುಳಿಯಲ್ಲಿ ಅವನ ಸಾಲಿನ ಕೆಳಗೆ ಬ್ಲಾಜೆನಾ ಬರೆದಳು: "ಸೀಚೆಕ್, ಬೈದದ್ದು ನಿನಗಲ್ಲ. ಭಾನುವಾರ ಮಧ್ಯಾಹ್ನ, ಚಿಲುಮೆಯ ಬಿಯರ್ ಅಂಗಡಿ." ನಂಬರಿಲ್ಲ, ಮನೆಯಿಲ್ಲ. ಯಿತ್ಕಾ ಮೊದಲ ದಿನ ಹೇಳಿದ್ದ ಮಾತೇ ಅದು. ಈಗ ಪ್ರತಿ ಭಾನುವಾರ ಆಕೆ ಆ ಅಂಗಡಿಯ ಬಾಗಿಲು ಕಾಣುವ ಮೇಜಿನಲ್ಲಿ ಕೂರುತ್ತಾಳೆ. ಆ ಸಾಲಿನ ಕೆಳಗೆ ಆಮೇಲೆ ಬೇರೆ ಬೇರೆ ಅಡ್ಡಹೆಸರುಗಳು ಬಂದಿವೆ. ಅವನದು ಬಂದಿಲ್ಲ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ. ಪೆಟ್ಟಿಗೆ ಹುಡುಕಿರಿ, ಮಕ್ಕಳನ್ನೂ ಕರೆದೊಯ್ಯಿರಿ, ಅದು ಒಳ್ಳೆಯ ಆಟ. ಆದರೆ ಪೆಟ್ಟಿಗೆಯೊಳಗೆ ಅಡ್ಡಹೆಸರಿಗಿಂತ ಹೆಚ್ಚಿನದೇನನ್ನೂ ಬಿಡಬೇಡಿ. ಫೋನ್ ನಂಬರು ಬೇಡ, ಮಕ್ಕಳ ಶಾಲೆಯ ಹೆಸರು ಬೇಡ, ಮನೆಯ ಅಂಕಿಗಳಂತೂ ಬೇಡವೇ ಬೇಡ. ಯಾರಿಗಾದರೂ ಏನಾದರೂ ತಿಳಿಸಬೇಕಿದ್ದರೆ ಜಾಲತಾಣದ ಸಂದೇಶದಲ್ಲಿ ತಿಳಿಸಿ. ಭೇಟಿಯಾಗಲೇಬೇಕಿದ್ದರೆ ನಾಲ್ಕು ಜನ ಕೂರುವ ಜಾಗ ಹೇಳಿ. ನಿಮ್ಮವರನ್ನು ಗುರುತಿಸುವ ಮಾತೊಂದು ನಿಮ್ಮಲ್ಲಿದ್ದರೆ ಅದನ್ನು ಎಲ್ಲಿಯೂ ಬರೆಯಬೇಡಿ. ಬೇರೆಯವರ ನಂಬರು ಪೆಟ್ಟಿಗೆಯಲ್ಲಿ ಕಂಡರೆ ಫೋಟೋ ತೆಗೆಯಬೇಡಿ, ಪೆಟ್ಟಿಗೆ ಇಟ್ಟವರಿಗೆ ಒಪ್ಪಿಸಿ. ಅದು ಯಾರದೋ ಮನೆಯ ಬಾಗಿಲು.

ಕಾಮೆನಿಚ್ಕಾ ಸುತ್ತಿನ ಪಟ್ಟೆಗಳು ಮುಗಿದವು. ಬಣ್ಣದ ಡಬ್ಬಿಗಳ ಮುಚ್ಚಳ ಒತ್ತಿ, ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ, ಅಟ್ಟದಿಂದ ಚೀಲ ಇಳಿಸಿದೆ. ಬ್ಲಾಜೆನಾ ಗಸಗಸೆ ಹೂರಣದ ಬನ್ನುಗಳನ್ನು ಕಾಗದದಲ್ಲಿ ಕಟ್ಟಿ ತಂದು ಚೀಲದೊಳಗೆ ತುರುಕಿದಳು.

"ದಾರೀಲಿ ಪೆಟ್ಟಿಗೆ ಸಿಕ್ರೆ ಸುರುಳಿ ನೋಡ್ತೀರಾ, ಬಣ್ಣದಣ್ಣ?"

"ನೋಡ್ತೀನಮ್ಮ."

"ಹೊಸ ನಂಬರು ಮಾತ್ರ ಯಾರಿಗೂ ಕೊಡಬೇಡಿ."

"ಅವನೇ ಎದುರಿಗೆ ಸಿಕ್ಕಿ, ನಾನೇ ವೋಯ್ಮೀರ್ ಅಂದ್ರೆ?"

ಆಕೆ ಚೀಲದ ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದಳು.

"ಅವನೇ ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದಳು. "ಕೇಳೋಕೆ ಒಂದು ಮಾತೂ ಉಳಿಸಿಕೊಂಡಿಲ್ವಲ್ಲ ನಾನು."

ನಾನು ಚೀಲವನ್ನು ಹೆಗಲಿಗೇರಿಸಿ, ಡಬ್ಬಿಗಳನ್ನು ಕೈಯಲ್ಲಿ ಹಿಡಿದು, ನಾನೇ ಬಳಿದ ಪಟ್ಟೆಗಳನ್ನು ಹಿಡಿದುಕೊಂಡು ಪಡುವಣಕ್ಕೆ ಹೊರಟೆ.